ಮುರಿದ ಬೋಲ್ಟ್: ನಷ್ಟ ಎಲ್ಲಿ ಆರಂಭವಾಗುತ್ತದೆ?

ಸ್ವಂತ ಕಾರಿನ ಸಣ್ಣಪುಟ್ಟ ರಿಪೇರಿಯನ್ನು ಮನೆಯಂಗಳದಲ್ಲಿಯೇ ಮಾಡಿಕೊಳ್ಳುವ ಗ್ರಾಹಕರು ಬಿಡಿಭಾಗಗಳ ವರ್ತಕರಿಗೆ ಹೊಸಬರೇನಲ್ಲ. ಅವರು ಆತಂಕದಿಂದ ಅಂಗಡಿಯ ಮೆಟ್ಟಿಲೇರುವುದು ಬೋಲ್ಟ್ ತುಂಡಾದಾಗ. ತಲೆ ಸ್ಪ್ಯಾನರಿನೊಡನೆ ಕೈಗೆ ಬಂದಿರುತ್ತದೆ, ಉಳಿದ ಭಾಗ ಎಂಜಿನ್ನಿನಲ್ಲಿಯೇ ಕುಳಿತಿರುತ್ತದೆ. ಬೋಲ್ಟಿನ ಬೆಲೆ ಕೆಲವೇ ರೂಪಾಯಿ; ಅದು ಕುಳಿತ ಜಾಗ ಕೆಟ್ಟರೆ ಸಾವಿರಾರು ರೂಪಾಯಿ. ಈ ನಷ್ಟದ ಬಹುಪಾಲು ಮುರಿದ ನಂತರದ ಅವಸರದಿಂದ ಆಗುವಂಥದು. ಆ ಹೊತ್ತಿನಲ್ಲಿ ಗ್ರಾಹಕನಿಗೆ ಯಾವ ಉಪಕರಣ ಕೊಡಬೇಕೆಂಬುದು ವರ್ತಕರ ಕೈಯಲ್ಲಿಯೇ ಇದೆ.

ಥರ್ಮೋಸ್ಟಾಟ್ ಹೌಸಿಂಗನ್ನೇ ಉದಾಹರಣೆಯಾಗಿ ನೋಡಬಹುದು. ಅನೇಕ ಕಾರುಗಳಲ್ಲಿ ಇದನ್ನು ಅಲ್ಯೂಮಿನಿಯಂ ಎರಕದ ಸಿಲಿಂಡರ್ ಹೆಡ್ಡಿಗೆ 6 ಮಿ.ಮೀ. ಉಕ್ಕಿನ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಕೂಲೆಂಟ್ ಒಸರಿ ಥ್ರೆಡ್ಡನ್ನು ತಲುಪಿದರೆ ಎರಡು ಲೋಹಗಳೂ ದ್ರವವೂ ಸೇರಿ ಪುಟ್ಟ ವಿದ್ಯುತ್ಕೋಶದಂತೆ ವರ್ತಿಸುತ್ತವೆ. ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗಿ ಸಂದುಗಳನ್ನು ತುಂಬಿ ಬೋಲ್ಟನ್ನು ಕಚ್ಚಿ ಹಿಡಿಯುತ್ತದೆ. 8.8 ದರ್ಜೆಯ ಇಂತಹ ಬೋಲ್ಟ್ ನೇರ ಎಳೆತದಲ್ಲಿ ಸುಮಾರು 1,600 ಕಿಲೋ ತಡೆದೀತು. ತಿರುಚುವ ಬಲದ ಲೆಕ್ಕವೇ ಬೇರೆ. ಅದನ್ನು ಬಿಗಿಯಲು ಸುಮಾರು 10 ನ್ಯೂಟನ್ ಮೀಟರ್ ಸಾಕು, ಎಂದರೆ 25 ಸೆಂ.ಮೀ. ಹಿಡಿಯ ತುದಿಯಲ್ಲಿ 4 ಕಿಲೋ ಒತ್ತಡ. ಇದರ ಇಮ್ಮಡಿ ಒತ್ತಡ ಹಾಕುವುದು ಯಾರ ಕೈಗೂ ಕಷ್ಟವಲ್ಲ, ಆದರೆ ಬೋಲ್ಟ್ ಅದನ್ನು ತಾಳದು.

ಈಜಿ ಔಟ್ ಎಂಬ ಪ್ರಲೋಭನೆ

ಮುರಿದ ಬೋಲ್ಟ್ ಎಂದೊಡನೆ ಗ್ರಾಹಕ ಕೇಳುವುದು ಈಜಿ ಔಟ್. ಹೆಸರಿನಷ್ಟು ಸುಲಭದ ವಸ್ತು ಇದಲ್ಲ. 6 ಮಿ.ಮೀ. ತುಂಡಿನಲ್ಲಿ ಸುಮಾರು 3 ಮಿ.ಮೀ. ರಂಧ್ರವನ್ನಷ್ಟೇ ಕೊರೆಯಬಹುದು, ಇಡೀ ಬೋಲ್ಟನ್ನೇ ಮುರಿದ ಹಿಡಿತವನ್ನು ಅಷ್ಟು ತೆಳುವಾದ ಉಪಕರಣ ಸಡಿಲಿಸಬೇಕು. ಅದರ ಮೊನಚು ಆಕಾರ ತುಂಡನ್ನು ಹೊರಮುಖವಾಗಿ ಅಗಲಿಸಿ ಮತ್ತಷ್ಟು ಬಿಗಿ ಮಾಡುವುದೂ ಉಂಟು. ಗಡಸು ಉಕ್ಕಾದ್ದರಿಂದ ಅದು ಬಾಗದೆ ಒಳಗೇ ತುಂಡಾದರೆ ಸಾಮಾನ್ಯ ಡ್ರಿಲ್ಲಿಗೆ ಬಗ್ಗುವುದಿಲ್ಲ. ಹೆಡ್ಡನ್ನು ಬಿಚ್ಚಿ ಸ್ಪಾರ್ಕ್ ಎರೋಷನ್ ಯಂತ್ರವಿರುವಲ್ಲಿಗೆ ಒಯ್ಯುವ ಪ್ರಸಂಗ ಬರಬಹುದು.

ಮೊದಲು ಹೌಸಿಂಗನ್ನು ಬಿಡಿಸಿ ನೋಡಬೇಕು. ಎಷ್ಟೋ ಸಲ ತುಂಡು ಹೊರಗೆ ಚಾಚಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುವುದು, ಬಳಿಕ ಸುತ್ತಲಿನ ಅಲ್ಯೂಮಿನಿಯಮನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸುವುದು ಸರಿಯಾದ ಕ್ರಮ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹಿಡಿತ ಸಡಿಲವಾಗುತ್ತದೆ. ಪೆಟ್ರೋಲ್ ಪೈಪುಗಳ ಬಳಿ ಬೆಂಕಿಯ ಜ್ವಾಲೆ ಸಲ್ಲದು. ನಂತರ ಕಚ್ಚಿ ಹಿಡಿಯುವ ಇಕ್ಕಳದಿಂದ ತುಸು ಹಿಂದಕ್ಕೂ ತುಸು ಮುಂದಕ್ಕೂ ತಿರುಗಿಸಬೇಕು. ಬಾರದಿದ್ದರೆ ತುಂಡಿಗೆ ನಟ್ ಕೂರಿಸಿ ವೆಲ್ಡ್ ಮಾಡಿಸಬಹುದು; ಆಗ ವೆಲ್ಡಿಂಗಿನ ಶಾಖವೇ ಅರ್ಧ ಕೆಲಸ ಮಾಡುತ್ತದೆ. ಇದು ಬ್ಯಾಟರಿ ಕಳಚಿ, ನುರಿತವರಿಂದ ಮಾಡಿಸಬೇಕಾದ ಕೆಲಸ.

ತುಂಡು ಮಟ್ಟಕ್ಕೆ ಮುರಿದಿದ್ದರೆ ಅರದಿಂದ ಸಮ ಮಾಡಿ, ನಟ್ಟನಡುವೆ ಪಂಚ್ ಹೊಡೆದು, ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ ಬಿಟ್ ಬಳಸುವುದು ಲೇಸು. ಕೊರೆಯುವಾಗಲೇ ತುಂಡು ತಾನಾಗಿ ಬಿಚ್ಚಿಕೊಂಡು ಬರುವುದು ಅಪರೂಪವಲ್ಲ. ಈಜಿ ಔಟ್ ದಾಸ್ತಾನಿರುವ ಅಂಗಡಿಯಲ್ಲಿ ಈ ಬಿಟ್ಟುಗಳೂ ಇರಬೇಕು. ಯಾವುದೂ ಫಲಿಸದಿದ್ದರೆ 5 ಮಿ.ಮೀ.ವರೆಗೆ ಕೊರೆದು, ಉಳಿದ ಉಕ್ಕಿನ ಎಳೆಗಳನ್ನು ಟ್ಯಾಪಿನಿಂದ ತೆಗೆಯಬಹುದು. ಬಿಟ್ ಪಕ್ಕಕ್ಕೆ ಸರಿದರೆ ಮೆದುವಾದ ಅಲ್ಯೂಮಿನಿಯಮೇ ಮೊದಲು ಕೊರೆದುಹೋಗುತ್ತದೆ. ಆಗ ಥ್ರೆಡ್ ಇನ್ಸರ್ಟ್ ಕೂರಿಸದೆ ಗತಿಯಿಲ್ಲ.

ಹೊಸ ಬೋಲ್ಟ್ ಕೊಡುವಾಗ

ಒಮ್ಮೆ ಪೆಟ್ಟು ತಿಂದ ಗ್ರಾಹಕ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟ್ ಬೇಕೆನ್ನುತ್ತಾನೆ. ಸಾಮಾನ್ಯವಾಗಿ ದೊರೆಯುವ ಎ2-70 ದರ್ಜೆಯ ಬಲ ಚದರ ಮಿ.ಮೀ.ಗೆ 700 ನ್ಯೂಟನ್, 8.8ರದು 800. ಅದೂ ಅಲ್ಲದೆ ಸ್ಟೇನ್‌ಲೆಸ್ ಸಹವಾಸದಲ್ಲಿ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಆದ್ದರಿಂದ ಮೂಲ ದರ್ಜೆಯ ಲೇಪಿತ ಬೋಲ್ಟನ್ನೇ ಕೊಡುವುದು ಉಚಿತ. ತಲೆಯ ಮೇಲೆ ದರ್ಜೆಯ ಅಂಕಿಯೂ ತಯಾರಕರ ಗುರುತೂ ಇಲ್ಲದ ಸರಕು ಅಗ್ಗವಾದರೂ ಎಂಜಿನ್ನಿಗೆ ತಕ್ಕುದಲ್ಲ. ಥ್ರೆಡ್ಡಿಗೆ ಹಿಡಿತ ನಿರೋಧಕ ಲೇಪ ಸವರಿದರೆ ಘರ್ಷಣೆ ಇಳಿಯುವುದರಿಂದ ಬಿಗಿಯುವ ಬಲವನ್ನೂ ತಗ್ಗಿಸಬೇಕೆಂಬುದನ್ನು ಗ್ರಾಹಕನಿಗೆ ಅಂಗಡಿಯಲ್ಲಿಯೇ ತಿಳಿಸುವುದು ಒಳ್ಳೆಯದು. ಇಲ್ಲವಾದಲ್ಲಿ ಹೊಸ ಬೋಲ್ಟೂ ಬಿಗಿಯುವಾಗಲೇ ತುಂಡಾದೀತು.