ಬೆಸಸುವುದೂ ಬೆಸಗೊಳ್ಳುವುದೂ

ಹಳಗನ್ನಡದಲ್ಲಿ ‘ಬೆಸಸು’ ಎಂದರೆ ಆಜ್ಞಾಪಿಸು. ‘ಬೆಸಗೊಳ್’ ಎಂದರೆ ಪ್ರಶ್ನಿಸು, ಕೇಳಿ ತಿಳಿದುಕೊ. ಅರ್ಥಗಳು ಬೇರೆಯಾದರೂ ಎರಡರಲ್ಲಿಯೂ ‘ಬೆಸ’ ಎಂಬ ಶಬ್ದವಿದೆ. ಕಣ್ಣಿಗೆ ಕಾಣದಷ್ಟು ದೂರದಲ್ಲಿರುವವರಿಂದ ಕೆಲಸ ಮಾಡಿಸಬೇಕಾದ ನಾಯಕನ ವಿಷಯದಲ್ಲಿ ಈ ಸಾಮ್ಯವು ವಿಚಾರಾರ್ಹವಾದುದು. ಎದುರಿಗಿರುವವನಿಗೆ ಆಜ್ಞೆಯು ತಿಳಿಯದಿದ್ದರೆ ಅದು ಅವನ ಮುಖದಿಂದಲೇ ಗೊತ್ತಾಗುತ್ತದೆ. ದೂರದಲ್ಲಿರುವವನು ತಪ್ಪಾಗಿ ತಿಳಿದನೆಂಬುದು ಕಾರ್ಯವು ಕೆಟ್ಟಮೇಲೆ ಮಾತ್ರ ಗೊತ್ತಾಗುತ್ತದೆ. ಆದುದರಿಂದ ದೂರಕ್ಕೆ ಕಳುಹಿಸುವ ಆಜ್ಞೆಯಲ್ಲಿ ಪ್ರಶ್ನೆಯೂ ಅಡಕವಾಗಿರಬೇಕು.

ಇದಕ್ಕೆ ಮಂಡ್ಯದ ಸೀಮೆಯಲ್ಲಿಯೇ ಒಂದು ನಿದರ್ಶನವುಂಟು. 1786ರಲ್ಲಿ ಟಿಪ್ಪುಸುಲ್ತಾನನು ಮರಾಠರ ಮತ್ತು ನಿಜಾಮನ ಸೈನ್ಯಗಳ ವಿರುದ್ಧ ಉತ್ತರದ ದಂಡಯಾತ್ರೆಯಲ್ಲಿದ್ದಾಗ, ಶ್ರೀರಂಗಪಟ್ಟಣದ ಕಿಲ್ಲೇದಾರ ಸಯ್ಯದ್ ಮಹಮ್ಮದನಿಗೆ ಒಂದು ಪತ್ರವನ್ನು ಬರೆಯಿಸಿದನು. ಕರ್ಕ್‌ಪ್ಯಾಟ್ರಿಕನು 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪಾರಸಿ ಪತ್ರಗಳ ಇಂಗ್ಲಿಷ್ ಭಾಷಾಂತರಸಂಗ್ರಹದಲ್ಲಿ ಇದು ದೊರೆಯುತ್ತದೆ. ರೇಷ್ಮೆಹುಳುಗಳನ್ನು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ ಮತ್ತು ಕಸ್ತೂರಿರಂಗ ಎಂಬವರು ಸಿದ್ಧವಟದ ಮಾರ್ಗವಾಗಿ ಹಿಂದಿರುಗುತ್ತಿದ್ದರು. ಹುಳುಗಳನ್ನು ಎಂಥ ಸ್ಥಳದಲ್ಲಿಡಬೇಕೆಂಬುದನ್ನು ಅವರಿಂದಲೇ ತಿಳಿದು ಏರ್ಪಡಿಸಬೇಕು. ಮೊದಲೇ ನೆಡಿಸಲು ಹೇಳಿದ್ದ ಹಿಪ್ಪುನೇರಳೆಯ ಸೊಪ್ಪನ್ನು ಒದಗಿಸಬೇಕು. ಹುಳುಗಳ ಸಂಖ್ಯೆಯೆಷ್ಟು, ಅವುಗಳನ್ನು ವೃದ್ಧಿಪಡಿಸುವ ಉಪಾಯವೇನು ಎಂಬುದನ್ನು ಬರೆದು ತಿಳಿಸಬೇಕು: ಇದು ಪತ್ರದ ಸಾರಾಂಶ.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದಾಗಿ, ಕೆಲಸದ ಉದ್ದೇಶವು ಸ್ಪಷ್ಟವಾಗಿದೆ. ಎರಡನೆಯದಾಗಿ, ತನಗೆ ತಿಳಿಯದ ವಿವರವನ್ನು ಅರಸನು ತಾನೇ ವಿಧಿಸದೆ, ಬಲ್ಲವರು ಯಾರೆಂಬುದನ್ನು ಹೆಸರಿಸಿ ಅವರಿಗೆ ಬಿಟ್ಟಿದ್ದಾನೆ. ಜೀವವುಳ್ಳ ಹುಳುಗಳು ಪಾಳೆಯದಿಂದ ಮರುಪತ್ರ ಬರುವವರೆಗೆ ಕಾಯಲಾರವಷ್ಟೆ. ಮೂರನೆಯದಾಗಿ, ಕೇಳಿರುವ ಉತ್ತರವು ನಿರ್ದಿಷ್ಟವಾದುದು. ‘ಎಲ್ಲವೂ ಕ್ಷೇಮವೆ?’ ಎಂದು ಕೇಳಿದರೆ ‘ಕ್ಷೇಮ’ವೆಂದೇ ಉತ್ತರ ಬರುವುದು ಸಹಜ, ಅರಸನ ಭಯವಿದ್ದಲ್ಲಿ ಇನ್ನೂ ಸಹಜ. ಸಂಖ್ಯೆಯನ್ನು ಕೇಳಿದಾಗ ಮುಖಸ್ತುತಿಗೆ ಎಡೆ ಕಡಮೆಯಾಗುತ್ತದೆ.

ಬೆಂಗಳೂರಿನಿಂದ ಅದೇ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ, ಮದ್ದೂರಿಗೂ ಮಂಡ್ಯಕ್ಕೂ ನಡುವೆ ಇರುವ ಗೆಜ್ಜಲಗೆರೆಯಲ್ಲಿ ಇಂದು ಮಂಡ್ಯ ಜಿಲ್ಲಾ ಸಹಕಾರಿ ಹಾಲು ಒಕ್ಕೂಟದ ಡೇರಿಯಿದೆ. ಹಳ್ಳಿಹಳ್ಳಿಯ ಸಂಘಗಳಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುವವರು ಒಕ್ಕೂಟದ ಮುಖ್ಯರ ಕಣ್ಣೆದುರಿಗಿರುವವರಲ್ಲ. ಹಾಲೂ ರೇಷ್ಮೆಹುಳುವಿನಂತೆ ಕಾಯದ ವಸ್ತು. ಇಂಥಲ್ಲಿ ‘ಒಳ್ಳೆಯ ಹಾಲನ್ನು ಕಳುಹಿಸಿ’ ಎಂಬ ಸುತ್ತೋಲೆಯಿಂದ ಆಗುವ ಪ್ರಯೋಜನ ಸ್ವಲ್ಪ. ಜಿಡ್ಡಿನ ಅಂಶವೆಷ್ಟು, ಜಿಡ್ಡಲ್ಲದ ಘನಾಂಶವೆಷ್ಟು ಎಂಬ ಅಂಕಿಗಳಿದ್ದರೆ ಮೇಲಿನವರ ಮಾತೂ ಕೆಳಗಿನವರ ಮಾತೂ ಒಂದೇ ಅಳತೆಗೆ ಬರುತ್ತವೆ. ಹಾಲನ್ನು ಹಿಂದಿರುಗಿಸಿದಾಗ ಕಾರಣವನ್ನೂ ತಿಳಿಸಿದರೆ ರೈತನು ಮರುದಿನ ತಿದ್ದಿಕೊಳ್ಳಬಲ್ಲನು. ತಿಳಿಸದಿದ್ದರೆ ಉಳಿಯುವುದು ಸಂಶಯವೊಂದೇ.

ಅರಸನ ಆಜ್ಞೆಗೆ ‘ನಿರೂಪ’ವೆಂದೂ ಕೆಳಗಿನವರ ಅರಿಕೆಗೆ ‘ಬಿನ್ನಪ’ವೆಂದೂ ಹೆಸರು. ಸಹಕಾರಸಂಘದಲ್ಲಿ ಹಾಲು ಹಾಕುವವನೇ ಒಡೆಯನೂ ಆದುದರಿಂದ ಅಲ್ಲಿ ಯಾವುದು ನಿರೂಪ, ಯಾವುದು ಬಿನ್ನಪ ಎಂಬ ಭೇದವೇ ಸಡಿಲವಾಗುತ್ತದೆ. ಆದರೆ ಅಪ್ರಿಯವಾದ ಬಿನ್ನಪವನ್ನು ಮಾಡಿದವನಿಗೆ ದಂಡನೆ ಕಾದಿರುವಲ್ಲಿ, ಅರಸೊತ್ತಿಗೆಯಾಗಲಿ ಸಂಘವಾಗಲಿ, ಪ್ರಶ್ನೆಗಳೆಷ್ಟು ನಿಷ್ಕೃಷ್ಟವಾಗಿದ್ದರೂ ನಿಜವಾದ ಉತ್ತರ ಬಾರದು. ಬೆಸಸುವ ಅಧಿಕಾರವು ಪದವಿಯಿಂದ ದೊರೆಯುತ್ತದೆ. ಬೆಸಗೊಂಡು ಸತ್ಯವನ್ನು ಪಡೆಯುವ ಯೋಗ್ಯತೆಯನ್ನು ನಾಯಕನು ನಡತೆಯಿಂದಲೇ ಗಳಿಸಬೇಕು.