ಉಬುದ್: ಕೂಡಿ ಬರೆಯುವವರ ಊರು

ಬಾಲಿ ದ್ವೀಪದ ಒಳನಾಡಿನಲ್ಲಿ, ಹೊಳೆಯ ಕಣಿವೆ ಮತ್ತು ಮೆಟ್ಟಿಲು ಗದ್ದೆಗಳ ನಡುವೆ ಇರುವ ಉಬುದ್‌ಗೆ ಬರೆಯಲೆಂದೇ ಬರುವವರಿದ್ದಾರೆ. ಅರ್ಧಕ್ಕೆ ನಿಂತ ಕಾದಂಬರಿ ಹೊತ್ತವರು, ಪ್ರಬಂಧ ಮುಗಿಸಬೇಕಾದವರು, ಮೊದಲ ಕಥೆಗೆ ಧೈರ್ಯ ಸಾಲದವರು ಒಂದೇ ಮನೆಯಲ್ಲಿ ತಂಗುತ್ತಾರೆ. ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ಅಡ್ಡಾಡುವುದು, ಸಂಜೆ ಬರೆದದ್ದನ್ನು ಓದಿ ಕೇಳಿಸುವುದು. ಅಂಥದೊಂದು ಶಿಬಿರದಲ್ಲಿ ಕೆಲವು ದಿನ ಕಳೆದ ಮೇಲೆ ನನಗನ್ನಿಸಿದ್ದು ಇಷ್ಟು: ಉಬುದ್ ಬರಹಗಾರನಿಗೆ ಕೊಡುವ ದೊಡ್ಡ ಸವಲತ್ತು ಏಕಾಂತವಲ್ಲ, ಒಳ್ಳೆಯ ಜೊತೆ.

ಏಕಾಂತವೇ ಬೇಕಾದವರು ಇಲ್ಲಿ ಮುಖ ಸಿಂಡರಿಸುವುದು ಖಂಡಿತ. ನಸುಕಿಗೆ ಮೊದಲೇ ಹುಂಜಗಳು ಶುರು ಹಚ್ಚುತ್ತವೆ. ಸಂಜೆಯಾದರೆ ಎಲ್ಲಿಂದಲೋ ಗಮೆಲಾನ್ ವಾದ್ಯಮೇಳದ ಕಂಚಿನ ಸದ್ದು. ಮುಖ್ಯ ರಸ್ತೆಯಲ್ಲಿ ಸ್ಕೂಟರುಗಳು ಒಂದಕ್ಕೊಂದು ಉಜ್ಜಿಕೊಂಡೇ ಸಾಗುತ್ತವೆ. 2010ರಲ್ಲಿ ಬಂದ ಹಾಲಿವುಡ್‌ನ ‘ಈಟ್ ಪ್ರೇ ಲವ್’ ಚಿತ್ರ ಈ ಊರನ್ನು ಲೋಕಪ್ರಸಿದ್ಧ ಮಾಡಿತು. ಗದ್ದೆ ಇದ್ದಲ್ಲಿ ವಿಲ್ಲಾಗಳು ಏಳುವುದು ಈಗಲೂ ನಿಂತಿಲ್ಲ.

ಹಂಚಿಕೊಂಡು ಬಾಳುವ ರೂಢಿ

ಉಳಿದಿರುವ ಗದ್ದೆಗಳನ್ನು ನೋಡುತ್ತ ನಡೆದರೆ ಊರಿನ ಸ್ವಭಾವ ತಿಳಿಯುತ್ತದೆ. ಬಾಲಿಯ ನೀರಾವರಿ ‘ಸುಬಕ್’ ಎಂಬ ರೈತ ಕೂಟಗಳ ಕೈಯಲ್ಲಿದೆ. ಯಾವ ಗದ್ದೆಗೆ ಯಾವಾಗ ನೀರು, ಯಾರು ಯಾವಾಗ ನಾಟಿ ಮಾಡಬೇಕು ಎಂಬುದನ್ನು ಕೂಟವೇ ತೀರ್ಮಾನಿಸುತ್ತದೆ. ಮೇಲಿನವನು ನೀರು ಹಿಡಿದಿಟ್ಟರೆ ಕೆಳಗಿನವನ ಪೈರು ಒಣಗುತ್ತದೆ. ಅಕ್ಕಪಕ್ಕದವರು ಒಬ್ಬೊಬ್ಬರು ಒಂದೊಂದು ಕಾಲಕ್ಕೆ ನೆಟ್ಟರೆ ಕೀಟಗಳಿಗೆ ಹಬ್ಬ. ಆದ್ದರಿಂದ ಒಟ್ಟಿಗೆ ನೆಟ್ಟು ಒಟ್ಟಿಗೆ ಕೊಯ್ಯುತ್ತಾರೆ. 2012ರಲ್ಲಿ ಯುನೆಸ್ಕೊ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿತ್ರಕಲೆಯೂ ಇಲ್ಲಿ ಕೂಟದಲ್ಲೇ ಬೆಳೆಯಿತು. ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ 1927ರಲ್ಲಿ ಉಬುದ್‌ಗೆ ಬಂದು, ಎರಡು ಹೊಳೆ ಕೂಡುವ ಚಂಪುಹಾನ್‌ನಲ್ಲಿ ನೆಲೆಸಿದ. 1936ರಲ್ಲಿ ಸ್ಪೀಸ್, ಡಚ್ ಚಿತ್ರಕಾರ ರುಡಾಲ್ಫ್ ಬೊನೆ, ಅರಮನೆಯ ಚೊಕೊರ್ದಾ ಗ್ದೆ ಅಗುಂಗ್ ಸುಕಾವತಿ, ಸ್ಥಳೀಯ ಕಲಾವಿದ ಲೆಂಪದ್ ಸೇರಿ ‘ಪಿತಾ ಮಹಾ’ ಸಂಘ ಕಟ್ಟಿದರು. ಸದಸ್ಯರ ಚಿತ್ರಗಳನ್ನು ಒಟ್ಟಿಗೆ ನೋಡಿ, ಗಟ್ಟಿಯಾದವನ್ನು ಆಯ್ದು ಹೊರಗೆ ಕಳಿಸುತ್ತಿದ್ದರು. ಸ್ಪೀಸ್‌ನ ಮನೆ ಬರಹಗಾರರಿಗೂ ತಂಗುದಾಣವಾಗಿತ್ತು. 1906ರಲ್ಲಿ ಡಚ್ಚರ ಬಂದೂಕಿನೆದುರು ಬಡುಂಗ್ ರಾಜಮನೆತನ ಸಾಮೂಹಿಕವಾಗಿ ಪ್ರಾಣಕೊಟ್ಟ ಪ್ರಸಂಗವನ್ನು ಕಾದಂಬರಿ ಮಾಡಿದ ವಿಕಿ ಬೌಮ್, ‘ಐಲ್ಯಾಂಡ್ ಆಫ್ ಬಾಲಿ’ ಬರೆದ ಮೆಕ್ಸಿಕೊದ ಮಿಗೆಲ್ ಕೊವರೂಬಿಯಾಸ್ ಇಬ್ಬರೂ ಅವನ ತಿಳಿವಳಿಕೆಯ ಋಣದಲ್ಲಿದ್ದವರು. ಎರಡೂ ಪುಸ್ತಕ ಹೊರಬಂದದ್ದು 1937ರಲ್ಲಿ.

ಗಮಕ ಬಲ್ಲವರಿಗೆ ಗುರುತು ಸಿಗುವ ಕೂಟ

ಕನ್ನಡಿಗರಿಗೆ ಹತ್ತಿರವೆನಿಸುವುದು ‘ಮಬೆಬಾಸನ್’. ಒಬ್ಬರು ಹಳೆಯ ಜಾವಾ ಭಾಷೆಯ ರಾಮಾಯಣದಂಥ ಕಾವ್ಯದ ಸಾಲನ್ನು ಛಂದಸ್ಸು ಕೆಡದಂತೆ ಹಾಡುತ್ತಾರೆ, ಇನ್ನೊಬ್ಬರು ಅದರ ಅರ್ಥವನ್ನು ಬಾಲಿ ಭಾಷೆಯಲ್ಲಿ ಬಿಡಿಸುತ್ತಾರೆ. ನಮ್ಮ ಗಮಕದ ವಾಚನ–ವ್ಯಾಖ್ಯಾನದ ಜೋಡಿಯೇ ಇದು. ಕುಮಾರವ್ಯಾಸನನ್ನು ಹೀಗೆ ಕೇಳಿ ಬೆಳೆದವರಿಗೆ ವಿವರಣೆ ಬೇಕಿಲ್ಲ. ಒಂದು ವ್ಯತ್ಯಾಸವಿದೆ. ಅಲ್ಲಿ ಸುತ್ತ ಕೂತವರು ನಡುವೆ ಬಾಯಿ ಹಾಕಬಹುದು, ಅರ್ಥ ಸರಿಯಿಲ್ಲವೆಂದು ತಕರಾರು ತೆಗೆಯಬಹುದು. ಕಾವ್ಯ ಮುಂದೆ ಸಾಗುವುದು ಆ ಚರ್ಚೆ ಮುಗಿದ ಮೇಲೆ.

ನಮ್ಮ ಶಿಬಿರದ ಸಂಜೆಗಳಿಗೂ ಈ ನಿಯಮ ಒಗ್ಗಿತು. ಒಬ್ಬರ ಬರಹವನ್ನು ಬೇರೊಬ್ಬರು ಗಟ್ಟಿಯಾಗಿ ಓದಬೇಕು. ಬರೆದವರು ಸುಮ್ಮನೆ ಕೇಳಬೇಕು. ತಾನೇ ಓದುವಾಗ ದನಿಯ ಏರಿಳಿತದಲ್ಲಿ ಮುಚ್ಚಿಹೋಗುವ ಸೊಟ್ಟ ವಾಕ್ಯ, ಪರರ ಬಾಯಲ್ಲಿ ತೊಡರುವಾಗ ಎದ್ದು ಕಾಣುತ್ತದೆ. ಓದುವವರು ಎಲ್ಲಿ ಉಸಿರು ಹುಡುಕಿದರೋ ಅಲ್ಲಿ ಗೆರೆ ಎಳೆದುಕೊಂಡರೆ ಮರುದಿನದ ತಿದ್ದುಪಡಿ ಅರ್ಧ ಮುಗಿದಂತೆ. ಮೆಚ್ಚುಗೆಗಿಂತ ಇದು ಹೆಚ್ಚು ಉಪಯೋಗಕ್ಕೆ ಬಂತು.

ಪುಸ್ತಕ ಮುಚ್ಚುವ ದಿನ

ಬಾಲಿಯ ಓಲೆಗರಿಗಳಿಗೆ ‘ಲೊಂತಾರ್’ ಎನ್ನುತ್ತಾರೆ. ಗರಿಯ ಮೇಲೆ ಚೂಪು ಕತ್ತಿಯಿಂದ ಕೊರೆದು, ಕೆಮಿರಿ ಕಾಯಿ ಸುಟ್ಟ ಮಸಿ ಉಜ್ಜಿದರೆ ಅಕ್ಷರ ಮೂಡುತ್ತದೆ. ಉತ್ತರದ ಸಿಂಗರಾಜದಲ್ಲಿ 1928ರಲ್ಲಿ ಸ್ಥಾಪನೆಯಾದ ಗೆಡೊಂಗ್ ಕಿರ್ತ್ಯ ಇಂಥ ಗರಿಗಳಿಗೆಂದೇ ಇರುವ ಗ್ರಂಥಾಲಯ. 210 ದಿನಕ್ಕೊಮ್ಮೆ ಬರುವ ಸರಸ್ವತಿ ಹಬ್ಬದಂದು ಓಲೆ, ಪುಸ್ತಕಗಳಿಗೆ ಪೂಜೆ. ಪೂಜೆಯ ಹೊತ್ತಿನಲ್ಲಿ ಓದು–ಬರಹ ನಿಷಿದ್ಧ. ನವರಾತ್ರಿಯಲ್ಲಿ ನಮ್ಮ ಮಕ್ಕಳು ಖುಷಿಯಿಂದ ಪಾಲಿಸುವ ಅದೇ ಕಟ್ಟಳೆ. ಉಬುದ್‌ನ ತಾವರೆಕೊಳದ ಸರಸ್ವತಿ ದೇವಾಲಯ ಲೆಂಪದ್‌ನ ವಿನ್ಯಾಸ.

ಶಕ ವರ್ಷದ ಮೊದಲ ದಿನ ‘ನ್ಯೆಪಿ’ಯಂದು ದ್ವೀಪವೇ ಮೌನ. ವಿಮಾನ ನಿಲ್ದಾಣ ಮುಚ್ಚುತ್ತದೆ, ಬೀದಿಯಲ್ಲಿ ಯಾರೂ ಓಡಾಡುವಂತಿಲ್ಲ, ರಾತ್ರಿ ದೀಪವಿಲ್ಲ. 2018ರಿಂದ ಮೊಬೈಲ್ ಇಂಟರ್‌ನೆಟ್ಟನ್ನೂ ನಿಲ್ಲಿಸುತ್ತಿದ್ದಾರೆ. ಗಡುವು ತಲೆಮೇಲೆ ಕೂತಿರುವ ಬರಹಗಾರನಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು.

ಹೋಗುವವರಿಗೆ

2002ರ ಅಕ್ಟೋಬರ್‌ನಲ್ಲಿ ಕುಟಾದ ಬಾಂಬ್ ದಾಳಿಗೆ 202 ಮಂದಿ ಬಲಿಯಾದರು. ಕಂಗೆಟ್ಟ ದ್ವೀಪಕ್ಕೆ ಚೇತರಿಕೆ ತರಲೆಂದು 2004ರಲ್ಲಿ ಜ್ಯಾನೆಟ್ ಡಿನೀಫ್ ಆರಂಭಿಸಿದ ಉಬುದ್ ರೈಟರ್ಸ್ ಆ್ಯಂಡ್ ರೀಡರ್ಸ್ ಫೆಸ್ಟಿವಲ್ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ನಡೆಯುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾಯಿತು. ನಿಲ್ದಾಣದಿಂದ ಉಬುದ್‌ಗೆ ಸುಮಾರು 35 ಕಿ.ಮೀ. ದಟ್ಟಣೆಯಿದ್ದರೆ ಎರಡು ತಾಸು ಹಿಡಿದರೂ ಆಶ್ಚರ್ಯವಿಲ್ಲ.

ಅಲ್ಲಿನ ಶಿಬಿರಗಳು ಬಹುತೇಕ ಇಂಗ್ಲಿಷ್‌ನಲ್ಲಿ ನಡೆಯುತ್ತವೆ. ಕನ್ನಡದಲ್ಲಿ ಬರೆಯುವವರು ಹೆಸರಾಂತ ಮಾರ್ಗದರ್ಶಕರನ್ನು ಹುಡುಕುವುದಕ್ಕಿಂತ, ತಕರಾರು ತೆಗೆಯಬಲ್ಲ ಮೂರ್ನಾಲ್ಕು ಮಂದಿ ಗೆಳೆಯರನ್ನು ಕಟ್ಟಿಕೊಂಡು ಹೋಗುವುದು ಮೇಲು. ಅಂಥ ಕೂಟ ಒಮ್ಮೆ ಕುದುರಿದರೆ, ಮುಂದಿನ ಶಿಬಿರ ನಮ್ಮೂರಿನ ಜಗಲಿಯಲ್ಲೂ ನಡೆದೀತು.