ಎರಡು ಕೌಂಟಿ, ಒಂದು ಪ್ರದೇಶ

ಪ್ರಶ್ನೆ: ಅಮೆರಿಕದ ಅಂಕಿಅಂಶಗಳಲ್ಲಿ ಅಕ್ಕಪಕ್ಕದ ಕೌಂಟಿಗಳನ್ನು ಸೇರಿಸಿ ‘ಮೈಕ್ರೊಪಾಲಿಟನ್ ಪ್ರದೇಶ’ ಎನ್ನುತ್ತಾರಲ್ಲ, ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ಹೇಗೆ ತೀರ್ಮಾನಿಸುತ್ತಾರೆ?

ಜನ ದಿನವೂ ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ನೋಡಿ. ನಮ್ಮಲ್ಲಿ ತಾಲ್ಲೂಕಿನ ಗಡಿಯಲ್ಲಿರುವ ಹಳ್ಳಿಯವರು ಕಾಗದಪತ್ರಕ್ಕೆ ತಮ್ಮ ತಾಲ್ಲೂಕು ಕೇಂದ್ರಕ್ಕೇ ಹೋದರೂ ಸಂತೆಗೆ ಹತ್ತಿರದ ಪಕ್ಕದ ತಾಲ್ಲೂಕಿನ ಊರಿಗೆ ಹೋಗುವುದಿಲ್ಲವೇ? ಇಲ್ಲಿಯೂ ಲೆಕ್ಕಕ್ಕೆ ಬರುವುದು ಆ ಓಡಾಟವೇ.

ಮೊದಲು ನಡುವಿಗೊಂದು ಪಟ್ಟಣ ಬೇಕು. ಅದರ ಜನಸಂಖ್ಯೆ 10,000ಕ್ಕೆ ಕಡಿಮೆ ಇರಬಾರದು, 50,000 ಮುಟ್ಟಬಾರದು. ಮುಟ್ಟಿದರೆ ಅದು ‘ಮೆಟ್ರೊಪಾಲಿಟನ್’. ಆ ಪಟ್ಟಣವಿರುವುದು ಕೇಂದ್ರ ಕೌಂಟಿ. ಪಕ್ಕದ ಕೌಂಟಿಯ ದುಡಿಯುವವರಲ್ಲಿ ಶೇ. 25ರಷ್ಟಾದರೂ ಕೇಂದ್ರ ಕೌಂಟಿಗೆ ಕೆಲಸಕ್ಕೆ ಬರುತ್ತಿದ್ದರೆ ಅದನ್ನೂ ಸೇರಿಸುತ್ತಾರೆ. ಓಡಾಟ ಇದೇ ಪ್ರಮಾಣದಲ್ಲಿ ತಿರುಗುಮುರುಗಾಗಿದ್ದರೂ ಸರಿಯೇ.

ಮಿಸೌರಿ ರಾಜ್ಯದ ಹ್ಯಾನಿಬಲ್ ಒಳ್ಳೆಯ ಉದಾಹರಣೆ. ಮಿಸಿಸಿಪಿ ನದಿಯ ದಡದ ಈ ಊರಲ್ಲೇ ಮಾರ್ಕ್ ಟ್ವೇನ್ ಬಾಲ್ಯ ಕಳೆದದ್ದು. ಊರಿನ ಬಹುಭಾಗ ಮೇರಿಯನ್ ಕೌಂಟಿಯಲ್ಲಿದೆ, ಸ್ವಲ್ಪ ದಕ್ಷಿಣದ ರಾಲ್ಸ್ ಕೌಂಟಿಗೂ ಚಾಚಿದೆ. ಎರಡೂ ಸೇರಿ ಹ್ಯಾನಿಬಲ್ ಮೈಕ್ರೊಪಾಲಿಟನ್ ಪ್ರದೇಶ. ನನಗೆ ಬಹಳ ಹಿಡಿಸಿದ್ದು ಇದು: ಮೇರಿಯನ್‌ನ ಆಡಳಿತ ಕೇಂದ್ರ ಪ್ಯಾಲ್ಮೈರಾ, ರಾಲ್ಸ್‌ನದು ನ್ಯೂ ಲಂಡನ್. ಆದರೂ ಪ್ರದೇಶಕ್ಕೆ ಹೆಸರು ಕೊಟ್ಟದ್ದು ಜನ ಹೆಚ್ಚಿರುವ ಹ್ಯಾನಿಬಲ್.

ಇಂಥ ಪ್ರದೇಶಗಳನ್ನು ಗುರುತಿಸುವುದು ಕೇಂದ್ರ ಸರ್ಕಾರದ ಆಡಳಿತ ಮತ್ತು ಬಜೆಟ್ ಕಚೇರಿ. ‘ಮೈಕ್ರೊಪಾಲಿಟನ್’ ವರ್ಗ ಪಟ್ಟಿಗೆ ಬಂದದ್ದು 2003ರಲ್ಲಿ. ಪ್ರದೇಶಕ್ಕೆ ತನ್ನದೇ ಆದ ಚುನಾಯಿತ ಆಡಳಿತವಾಗಲಿ ತೆರಿಗೆಯಾಗಲಿ ಇಲ್ಲ. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಪಟ್ಟಿಯನ್ನು ಮತ್ತೆ ಪರಿಶೀಲಿಸುತ್ತಾರೆ. ಓಡಾಟ ಬದಲಾಗಿದ್ದರೆ ಕೌಂಟಿಗಳು ಸೇರುತ್ತವೆ, ಬಿಡುತ್ತವೆ.